ಅಮಾವಾಸ್ಯೆಯಂದು ಉಳಿದ ಮೆಟ್ಟಿಲು

ನನ್ನ ಪ್ರಯೋಗದ ನೋಟ್‌ಬುಕ್ಕಿನ ಫೆಬ್ರವರಿ ಮೊದಲ ಮಂಗಳವಾರದ ಪುಟದಲ್ಲಿ ನಾನು ಬರೆದಿರುವುದು ಇಷ್ಟೇ: "ನಾಲ್ಕನೇ ತಂತಿ ಬದುಕಿದೆ. ಉಳಿದವು ಸತ್ತಿವೆ."

ಈ ತಂತಿಗಳು ಕಣ್ಣಿಗೆ ಕಾಣುವಂಥವಲ್ಲ. ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಸಿಲಿಕಾನ್ ಬಿಲ್ಲೆ. ಅದರ ಮೇಲೆ ಇಂಡಿಯಂ ಆರ್ಸೆನೈಡ್ ಎಂಬ ಅರೆವಾಹಕದ ಐದು ಎಳೆಗಳು, ಒಂದೊಂದೂ ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನನ್ನ ಮಾರ್ಗದರ್ಶಕರು ಅವನ್ನು ಬೆಳೆಸಿ, ಎರಡೂ ತುದಿಗೆ ಕರೆಂಟು ಹರಿಸುವ ಲೋಹದ ಹಿಡಿಕೆ ಕೂರಿಸಿ ನನ್ನ ಕೈಗೆ ಕೊಟ್ಟಿದ್ದರು. ನಾನು ಕೂಡ್ಲಿಗಿಯಲ್ಲಿ ಪದವಿ ತರಗತಿಗಳಿಗೆ ಭೌತಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿ. ಪಾಠದ ನಡುವೆಯೇ ಪಿಎಚ್.ಡಿ. ಕೆಲಸ ಸಾಗಬೇಕು. ಐದರಲ್ಲಿ ಎರಡು ಎಳೆಗಳು ಬರುವಾಗಲೇ ಕಡಿದಿದ್ದವು. ಇನ್ನೆರಡು ನಮ್ಮ ಕಡೆಯ ಒಣಗಾಳಿಗೆ ಹೋದವು. ಚಳಿಗಾಲ ಕಳೆಯುವ ಈ ದಿನಗಳಲ್ಲಿ ಪಾಲಿಯೆಸ್ಟರ್ ದುಪಟ್ಟಾ ಸರಿಸಿದರೂ ಚಿಟಚಿಟ ಎನ್ನುತ್ತದೆ. ಅಷ್ಟು ಸ್ಥಾಯೀ ವಿದ್ಯುತ್ತು ಅಂಥ ತಂತಿಯನ್ನು ಸುಡಲು ಧಾರಾಳ ಸಾಕು. ಅಂದಿನಿಂದ ಹತ್ತಿಯ ಬಟ್ಟೆ, ಬರಿಗಾಲು, ಮಣಿಕಟ್ಟಿನಿಂದ ನೆಲಕ್ಕೆ ಒಂದು ವೈರು.

ಅಳೆಯಬೇಕಾದದ್ದು ಏನೆಂದರೆ, ಇಷ್ಟು ಇಕ್ಕಟ್ಟಿನ ದಾರಿಯಲ್ಲಿ ಎಲೆಕ್ಟ್ರಾನುಗಳು ಹೇಗೆ ಹೋಗುತ್ತವೆ ಎಂಬುದು. ನನ್ನ ವಿದ್ಯಾರ್ಥಿಗಳಿಗೆ ಕುರಿಹಟ್ಟಿಯ ಸಂದಿನ ಉದಾಹರಣೆ ಕೊಡುತ್ತೇನೆ. ಸಂದು ಒಂದು ಕುರಿಯ ಅಗಲವಿದ್ದರೆ ಒಂದೊಂದೇ ದಾಟುತ್ತವೆ. ಇನ್ನೂ ಗೇಣು ಅಗಲ ಮಾಡಿದರೂ ಪ್ರಯೋಜನವಿಲ್ಲ, ಅರ್ಧ ಕುರಿ ಎಂಬುದಿಲ್ಲ. ಎರಡು ಕುರಿಯ ಅಗಲವಾದ ಕ್ಷಣ ಎರಡೆರಡು ನುಗ್ಗುತ್ತವೆ. ತಂತಿಯ ಕೆಳಗಿನ ಬಿಲ್ಲೆಗೆ ವೋಲ್ಟೇಜು ಕೊಟ್ಟು ಈ ಸಂದನ್ನು ನಿಧಾನವಾಗಿ ಅಗಲ ಮಾಡಬಹುದು; ಆ ವೋಲ್ಟೇಜಿಗೆ ಗೇಟು ಎನ್ನುತ್ತೇವೆ. ಗೇಟು ಏರಿಸುತ್ತ ಹೋದಂತೆ ತಂತಿಯ ವಾಹಕತೆ ದಿಬ್ಬದ ಹಾಗೆ ಏರಬಾರದು, ಮೆಟ್ಟಿಲಿನ ಹಾಗೆ ಏರಬೇಕು. ಮೆಟ್ಟಿಲು ಕಂಡರೆ ಅದು ಕ್ವಾಂಟಂ ತಂತಿ. ಕಾಣದಿದ್ದರೆ ಬರೀ ತೆಳ್ಳನೆಯ ತಂತಿ.

ನನಗೆ ಆ ಮೆಟ್ಟಿಲು ಬೇಕೇಬೇಕಿತ್ತು. ಸಂಸ್ಥೆಯ ನೆಲಮಾಳಿಗೆಯಲ್ಲಿ ಪರಮ ಶೂನ್ಯದ ಹತ್ತಿರಕ್ಕೆ ತಣಿಸುವ ಒಂದು ಯಂತ್ರವಿದೆ. ಈ ಬೇಸಿಗೆಗೆ ಅದರಲ್ಲಿ ಒಂದೇ ಸರದಿ ಖಾಲಿ ಉಳಿದಿತ್ತು. ಕೇಳಿದವರು ಇಬ್ಬರು, ನಾನು ಮತ್ತು ಅಲ್ಲಿನ ಇನ್ನೊಬ್ಬ ಸಂಶೋಧನಾ ವಿದ್ಯಾರ್ಥಿ. "ದ್ರವ ಸಾರಜನಕದ ತಂಪಿನಲ್ಲೇ ಮೆಟ್ಟಿಲು ತೋರಿಸಿಬಿಡಮ್ಮ, ಸರದಿ ನಿನಗೆ ಬರುತ್ತೆ. ತಿಂಗಳ ಕೊನೆಗೆ ಸಮಿತಿ ಕೂರುತ್ತೆ," ಎಂದಿದ್ದರು ಮಾರ್ಗದರ್ಶಕರು. ಮುಂದಿನ ಸರದಿ ಬರುವ ಹೊತ್ತಿಗೆ ನನ್ನ ನೋಂದಣಿಯ ಅವಧಿ ಮುಗಿದಿರುತ್ತದೆ.

ಕೂಡ್ಲಿಗಿಯಲ್ಲಿ ದ್ರವ ಸಾರಜನಕ ಎಲ್ಲಿ ಸಿಗುತ್ತದೆ ಎಂದು ಕೇಳಬೇಡಿ, ದನಕರು ಇರುವ ಕಡೆಯೆಲ್ಲ ಸಿಗುತ್ತದೆ. ಹೋರಿಯ ವೀರ್ಯ ತುಂಬಿದ ಕಡ್ಡಿಗಳನ್ನು ಇಡುವುದು ಅದರಲ್ಲೇ. ಗುಡೇಕೋಟೆ ರಸ್ತೆಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಸ್ವಂತ ಚಿಕಿತ್ಸಾಲಯ ಇಟ್ಟುಕೊಂಡಿದ್ದಾರೆ. ಒಳಕೋಣೆಯಲ್ಲಿ ಸೊಂಟದೆತ್ತರದ ಒಂದು ಅಲ್ಯೂಮಿನಿಯಂ ಜಾಡಿ. ಅದರ ಕುತ್ತಿಗೆಯ ಸುತ್ತ ಉದ್ದ ಹಿಡಿಯ ಆರು ಡಬ್ಬಿಗಳು ಒಳಗೆ ಇಳಿಬಿದ್ದಿರುತ್ತವೆ. ನಾನು ಮೊದಲು ಸಾರಜನಕವನ್ನು ಫ್ಲಾಸ್ಕಿನಲ್ಲಿ ಕಾಲೇಜಿಗೆ ಒಯ್ದು ನೋಡಿದೆ. ಅರ್ಧ ಅಳತೆಯಾಗುವಷ್ಟರಲ್ಲಿ ಕುದ್ದು ಆವಿಯಾಗಿ ಹೋಯಿತು. ಆಮೇಲೆ ಉಪಕರಣವನ್ನೇ ಜಾಡಿಯ ಬಳಿಗೆ ಒಯ್ಯುವುದೆಂದು ತೀರ್ಮಾನಿಸಿದೆ.

ವೈದ್ಯರು ಒಂದು ಡಬ್ಬಿ ತೆಗೆದು ಆ ಜಾಗ ನನಗೆ ಬಿಟ್ಟುಕೊಟ್ಟರು. ಸ್ಟೀಲಿನ ಕೊಳವೆಯ ತುದಿಗೆ ಬಿಲ್ಲೆ ಕೂರಿಸಿ, ಪಕ್ಕದಲ್ಲೊಂದು ತಾಪಮಾಪಕ ಕಟ್ಟಿ ಒಳಗಿಳಿಸಿದೆ.

"ಮೇಡಮ್ಮೋರ, ಐದು ಡಬ್ಯಾಗ ನಮ್ಮ ಹೋರಿ, ಒಂದರಾಗ ನಿಮ್ಮ ಎಲೆಕ್ಟ್ರಾನು," ಎಂದರು. "ಎರಡೂ ಕಣ್ಣಿಗೆ ಕಾಣಂಗಿಲ್ಲ. ನಮ್ಮದಾದ್ರ ಒಂಬತ್ತು ತಿಂಗಳಿಗೆ ಕರಾ ಹಾಕ್ತತಿ. ನಿಮ್ಮದೇನು ಹಾಕ್ತತ್ರಿ?"

"ಮೆಟ್ಲು ಹಾಕ್ತತಿ ಸರ್," ಎಂದೆ. ಅವರಿಗೆ ಆ ಉತ್ತರ ಬಹಳ ಹಿಡಿಸಿತು. ಬಂದವರಿಗೆಲ್ಲ ಹೇಳತೊಡಗಿದರು.

ನನ್ನ ಮಾಪಕಗಳು, ಲ್ಯಾಪ್‌ಟಾಪು ಇದ್ದದ್ದು ಪಕ್ಕದ ಔಷಧದ ಕೋಣೆಯಲ್ಲಿ. ಪ್ಲಗ್ ಪಾಯಿಂಟ್ ಇದ್ದದ್ದು ಅಲ್ಲಿ ಮಾತ್ರ. ಬಾಗಿಲ ಸಂದಿನಿಂದ ವೈರುಗಳು ಜಾಡಿಯ ತನಕ ಹೋಗುತ್ತಿದ್ದವು. ಜಾಡಿಯ ಮುಚ್ಚಳ ತೆಗೆದಾಗ ನನ್ನ ತಂತಿ ಬೆಚ್ಚಗಾಗುತ್ತದೆಯೇ ಎಂದು ಮೊದಲ ದಿನವೇ ಪರೀಕ್ಷಿಸಿದೆ. ವೈದ್ಯರು ಡಬ್ಬಿ ಎತ್ತಿ ಕಡ್ಡಿ ತೆಗೆದರು, ನಾನು ತಾಪಮಾಪಕ ನೋಡುತ್ತ ಕೂತೆ. ಅಲುಗಲಿಲ್ಲ. ದನ ಬಂದರೆ ಬರಲಿ, ಅಡ್ಡಿಯಿಲ್ಲ ಎಂದು ಬರೆದುಕೊಂಡು ಆ ಪ್ರಶ್ನೆಯನ್ನು ಅಲ್ಲಿಗೆ ಮುಚ್ಚಿದೆ.

ಗೇಟನ್ನು ತಳದಿಂದ ತುದಿಗೆ ಏರಿಸುವ ಒಂದು ಸುತ್ತಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅವಸರಪಟ್ಟರೆ ತಂತಿಗೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ. ಬಂದ ಅಂಕಿಗಳಲ್ಲಿ ಗದ್ದಲ ಬಹಳ ಇರುವುದರಿಂದ ಅಕ್ಕಪಕ್ಕದ ಅಂಕಿಗಳನ್ನು ಸೇರಿಸಿ ಸರಾಸರಿ ತೆಗೆದು ಗೆರೆ ಎಳೆಯುತ್ತೇವೆ. ಎಲ್ಲರೂ ಮಾಡುವ ಕೆಲಸ. ಬುಧವಾರ ಬೆಳಗಿನ ಸುತ್ತಿನಲ್ಲಿ ಹಾಗೆ ಎಳೆದ ಗೆರೆ ಮೂರು ಕಡೆ ಮಟ್ಟಸವಾಗಿ ನಿಂತು ಮತ್ತೆ ಏರಿತ್ತು. ಮೂರು ಮೆಟ್ಟಿಲು! ಎತ್ತರ ಸರಿಸುಮಾರು ಸಮ. ಗ್ರಾಫನ್ನು ಮಾರ್ಗದರ್ಶಕರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅವರದೇ ಫೋನು.

"ಸೊಗಸಾಗಿದೆ ಕಣಮ್ಮ! ಸಮಿತಿಯವರಿಗೆ ಇವತ್ತೇ ಒಂದು ಮಾತು ಹಾಕಿಡ್ತೀನಿ. ಇನ್ನೂ ನಾಲ್ಕು ಸಲ ಇದನ್ನೇ ತೆಗೆದು ಕಳಿಸು."

ಇದನ್ನೇ ತೆಗೆಯುವುದು ಆಗಲಿಲ್ಲ. ಗುರುವಾರ ಮೆಟ್ಟಿಲು ಎರಡೇ ಬಂದವು, ಬೇರೆ ಜಾಗದಲ್ಲಿ. ಶುಕ್ರವಾರ ಬೆಳಿಗ್ಗೆ ನಾಲ್ಕು. ಅದೇ ದಿನ ಮಧ್ಯಾಹ್ನ ಒಂದು, ಅದೂ ಅರೆಬರೆ. ಇಳಿಸುವ ಸುತ್ತಿನಲ್ಲಿ ಹತ್ತುವಾಗ ಇಲ್ಲದ ಕಡೆ ಮೆಟ್ಟಿಲು ಕಾಣುತ್ತಿತ್ತು. ಒಂದು ಮನೆಯ ಮೆಟ್ಟಿಲುಗಳು ದಿನಕ್ಕೊಂದು ಲೆಕ್ಕ ಹೇಳಿದರೆ ಮೊದಲು ಅನುಮಾನ ಬರುವುದು ಎಣಿಸಿದವರ ಮೇಲೆ. ನನ್ನ ಕೆಲಸವನ್ನು ಮೊದಲಿನಿಂದ ಶೋಧಿಸತೊಡಗಿದೆ.

ಮಾಪಕವು ದೊಡ್ಡ ಅಳತೆಗೆ ತಾನೇ ಜಿಗಿಯುವಾಗ ಸುಳ್ಳು ಮೆಟ್ಟಿಲು ಹುಟ್ಟುವುದುಂಟು. ಆ ಸೌಲಭ್ಯ ಬಂದ್ ಮಾಡಿದೆ, ಮೆಟ್ಟಿಲು ಹೋಗಲಿಲ್ಲ. ತಂತಿಯ ಬದಲು ಒಂದು ಸಾಮಾನ್ಯ ರೆಸಿಸ್ಟರು ಹಾಕಿ ನೋಡಿದೆ. ಗೆರೆ ನೂಲು ಹಿಡಿದಂತೆ ನೇರ ಬಂತು. ಅಂದರೆ ಮಾಪಕ ಸರಿ, ತಪ್ಪು ತಂತಿಯದು ಅಥವಾ ಅದರ ಸುತ್ತಲಿನದು. ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ ಎಂಬುದನ್ನು ಗಮನಿಸಿದಾಗ ನನಗೆ ಕರೆಂಟಿನ ನೆನಪಾಯಿತು. ನಮ್ಮ ಕಡೆ ತ್ರೀ ಫೇಸ್ ಕೊಡುವ ಹೊತ್ತಿಗೆ ಸುತ್ತಲ ಹೊಲಗಳ ಮೋಟಾರುಗಳೆಲ್ಲ ಒಮ್ಮೆಗೇ ಚಾಲೂ ಆಗುತ್ತವೆ; ಆಗ ಟ್ಯೂಬ್‌ಲೈಟು ಕೂಡ ಬೆದರುತ್ತದೆ. ಸಿಕ್ಕಿತು ಎಂದುಕೊಂಡೆ. ವೈದ್ಯರ ಇನ್ವರ್ಟರ್ ಬ್ಯಾಟರಿಯನ್ನು ಪ್ಲಗ್ಗಿನಿಂದ ಬಿಡಿಸಿ, ಹೊರಗಿನ ಕರೆಂಟಿನ ಸಂಬಂಧವೇ ಇಲ್ಲದಂತೆ ಎಲ್ಲವನ್ನೂ ಅದರ ಮೇಲೆ ನಡೆಸಿದೆ. ಗದ್ದಲ ಅರ್ಧ ಇಳಿಯಿತು. ಮೆಟ್ಟಿಲುಗಳು ಇನ್ನಷ್ಟು ಸ್ಪಷ್ಟವಾಗಿ, ಇನ್ನೊಂದು ಹೊಸ ಜಾಗದಲ್ಲಿ ಬಂದವು.

ಆ ವಾರ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದ ಸಮೀಕರಣವನ್ನು ನಡುವೆ ನಿಲ್ಲಿಸಿ ಸುಮ್ಮನೆ ನೋಡುತ್ತ ನಿಂತದ್ದುಂಟು. ಚಿಗಟೇರಿಯಿಂದ ಅವ್ವ ಫೋನು ಮಾಡಿ, "ಕೆಲಸ ಹೆಂಗ ನಡದೈತಿ?" ಎಂದರೆ ಏನು ಹೇಳುವುದು? ಮೆಟ್ಟಿಲು ಹೆಚ್ಚಾಗಿವೆ ಎನ್ನಲೋ, ಕಡಿಮೆಯಾಗಿವೆ ಎನ್ನಲೋ. "ನಡದೈತವ್ವ," ಎಂದಷ್ಟೇ ಹೇಳುತ್ತಿದ್ದೆ.

ಅಮಾವಾಸ್ಯೆಯ ದಿನ ಕಾಲೇಜಿನಲ್ಲಿ ನನಗೆ ತರಗತಿ ಇರಲಿಲ್ಲ. ಬೆಳಿಗ್ಗೆಯೇ ಚಿಕಿತ್ಸಾಲಯಕ್ಕೆ ಹೋದೆ. ವೈದ್ಯರು ಬಾಗಿಲಿಗೆ ನೀರು ಹಾಕಿ, ಊದುಬತ್ತಿ ಹಚ್ಚಿ, ಪತ್ರಿಕೆ ಹರವಿಕೊಂಡು ಕೂತಿದ್ದರು. ಒಂದರ ಹಿಂದೆ ಒಂದು ಎರಡು ಸುತ್ತು ಅಳೆದೆ. ಎರಡರಲ್ಲೂ ಗೆರೆ ನುಣ್ಣಗೆ ಏರಿತು. ಒಂದೇ ಒಂದು ಕಡೆ, ಕೆಳಭಾಗದಲ್ಲಿ, ಮಟ್ಟಸವಾಗಿ ನಿಂತು ಮುಂದೆ ಹೋಗಿತ್ತು. ಎರಡೂ ಸುತ್ತಿನಲ್ಲಿ ಅದೇ ಜಾಗ, ಅದೇ ಎತ್ತರ. ಇಷ್ಟು ದಿನ ನನ್ನನ್ನು ಕುಣಿಸಿದ ಉಳಿದ ಮೆಟ್ಟಿಲುಗಳು ಎಲ್ಲಿ ಹೋದವು?

ಲ್ಯಾಪ್‌ಟಾಪು ಹಿಡಿದುಕೊಂಡು ಹೊರಗೆ ಬಂದೆ. "ಸರ್, ಇವತ್ತು ಮೆಟ್ಲೇ ಇಲ್ಲ. ಒಂದೇ ಒಂದು."

ಅವರು ಕನ್ನಡಕದ ಮೇಲಿಂದ ನೋಡಿದರು. "ನಿಮ್ಮ ಎಲೆಕ್ಟ್ರಾನಿಗೂ ಅಮಾಸಿ ನಡೀತತೇನ್ರಿ? ಭಾಳ ಮಡಿವಂತ ಅದಾವ ಬಿಡ್ರಿ. ನಮ್ಮ ಮಂದೀನೂ ಅಷ್ಟ. ದನ ಬೆದಿಗಿ ಬಂದು ಒದರಾಡಿದ್ರೂ ಅಮಾಸಿ ದಿನ ಹೊಡಕೊಂಡು ಬರಂಗಿಲ್ಲ. ಇವತ್ತು ನಾನೂ ಜಾಡಿ ಮುಟ್ಟಿಲ್ಲ. ನಾಳೆ ನೋಡ್ರಿ ಸಂತಿ."

ಜಾಡಿ ಮುಟ್ಟಿಲ್ಲ ಎಂಬ ಮಾತು ಕಿವಿಗೆ ಬಿತ್ತು. ಆದರೆ ನಾನು ಮುಚ್ಚಿದ್ದ ಪ್ರಶ್ನೆಯಲ್ಲವೇ ಅದು? ತಾಪಮಾನ ಬದಲಾಗುವುದಿಲ್ಲ ಎಂದು ನಾನೇ ಅಳೆದು ಬರೆದಿದ್ದೆ. ದನ ಬಾರದ ದಿನ ಎಂದರೆ ಹೊಲದ ಕೆಲಸ ನಿಂತ ದಿನವೂ ಹೌದು, ಮೋಟಾರು ಕಡಿಮೆ ಇರಬಹುದು. ಆದರೆ ಬ್ಯಾಟರಿಯ ಮೇಲೆ ಆ ಅನುಮಾನವನ್ನೂ ತೆಗೆದಿದ್ದೆ. ನೆಮ್ಮದಿಯಾಗುವ ಬದಲು ಗೊಂದಲ ಹೆಚ್ಚಿತು. ಒಂದೇ ಮೆಟ್ಟಿಲು ನಿಜವಾದರೆ ಮಾರ್ಗದರ್ಶಕರು ಸಮಿತಿಗೆ ಹೇಳಿದ ಮೂರು ಯಾವುವು?

ಮರುದಿನ ವೈದ್ಯರು ಹೇಳಿದಂತೆ ಅಂಗಳ ಸಂತೆಯಾಗಿತ್ತು. ಹಿಂದಿನ ದಿನ ತಡೆದುಕೊಂಡವರೆಲ್ಲ ಹಸು, ಎಮ್ಮೆ, ಮಣಕ ಹಿಡಿದುಕೊಂಡು ಬಂದಿದ್ದರು. ನಾನು ಸುತ್ತು ಶುರು ಮಾಡಿ, ಈ ಸಲ ಸರಾಸರಿ ತೆಗೆಯದೆ ಬರುವ ಅಂಕಿಗಳನ್ನೇ ಹಸಿಹಸಿಯಾಗಿ ತೆರೆಯ ಮೇಲೆ ನೋಡುತ್ತ ಕೂತೆ. ಒಳಕೋಣೆಯಲ್ಲಿ ಡಬ್ಬಿ ಎತ್ತಿದ ಠಣ್ ಎಂಬ ಸದ್ದು. ತೆರೆಯ ಮೇಲಿನ ಅಂಕಿ ಆ ಕ್ಷಣಕ್ಕೇ ಕುಸಿಯಿತು. ಆಮೇಲೆ ಏನೂ ಆಗದಂತೆ ಮತ್ತೆ ಹತ್ತತೊಡಗಿತು. ಇನ್ನೊಂದು ಠಣ್, ಇನ್ನೊಂದು ಕುಸಿತ.

ಎದ್ದು ಒಳಗೆ ಹೋದೆ. ಉದ್ದ ಹಿಡಿಯ ಡಬ್ಬಿ ಮೇಲೆ ಬರುವಾಗ ನನ್ನ ಸ್ಟೀಲಿನ ಕೊಳವೆಗೆ ತಾಗುತ್ತಿತ್ತು. ಬಹಳವಲ್ಲ, ಲೋಟಕ್ಕೆ ಚಮಚ ತಾಗಿದಷ್ಟು. ಅಷ್ಟಕ್ಕೇ ಒಳಗಿನ ವೈರು ಕೊಳವೆಗೆ ಉಜ್ಜಿ ಒಂದಿಷ್ಟು ವಿದ್ಯುದಂಶ ಹುಟ್ಟುತ್ತದೆ, ಅದು ತಂತಿಯ ಕೆಳಗಿನ ಗಾಜಿನಂಥ ಪದರಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆ ತಂಪಿನಲ್ಲಿ ಅದು ಬೇಗ ಬಿಟ್ಟುಕೊಡುವುದಿಲ್ಲ. ವಾಹಕತೆ ಒಂದು ಮೆಟ್ಟು ಕುಸಿದು ಅಲ್ಲಿಂದ ಮತ್ತೆ ಏರಬೇಕು. ಈ ಕುಸಿತವನ್ನೂ ಏರಿಕೆಯನ್ನೂ ಸೇರಿಸಿ ಸರಾಸರಿ ತೆಗೆದರೆ ಏನು ಕಾಣುತ್ತದೆ? ಮಟ್ಟಸವಾದ ಒಂದು ಮೆಟ್ಟಿಲು. ನಾನು ತಾಪಮಾನ ಅಳೆದಿದ್ದೆ, ತಾಗುವುದನ್ನು ಅಳೆದಿರಲಿಲ್ಲ.

ಹೀಗೆಂದು ನನಗೆ ಅನಿಸಿತು. ಅನಿಸಿದ್ದು ಬೇರೆ, ತೋರಿಸುವುದು ಬೇರೆ. ದನಗಳೆಲ್ಲ ಹೋದ ಮೇಲೆ ಶಾಂತವಾಗಿ ಅಳೆದುಕೊಳ್ಳುವುದು ಸುಲಭವಿತ್ತು. ಆದರೆ ಆಗ ಹೋದ ಮೆಟ್ಟಿಲುಗಳು ಏಕೆ ಹೋದವು ಎಂಬುದು ಮತ್ತೆ ಊಹೆಯಾಗಿಯೇ ಉಳಿಯುತ್ತದೆ. ತಪ್ಪಿಸಬೇಕಾದ ಆ ತಾಗುವಿಕೆಯನ್ನೇ ಬೇಕೆಂದು ಮಾಡಿಸುವುದೆಂದು ನಿಶ್ಚಯಿಸಿದೆ. ಬದುಕಿದ್ದುದು ಒಂದೇ ತಂತಿ. ಇನ್ನೆಷ್ಟು ಪೆಟ್ಟು ತಡೆಯುತ್ತದೋ ಗೊತ್ತಿರಲಿಲ್ಲ.

"ಸರ್, ನಾನು ಅಳೆಯೋ ಮುಂದ ನಿಮಗ ಮನಸ್ಸು ಬಂದಾಗ ಡಬ್ಬಿ ಎತ್ರಿ. ಯಾವಾಗ ಎತ್ತಿದ್ರಿ ಅಂತ ನನಗ ಹೇಳಬ್ಯಾಡ್ರಿ. ಗಡಿಯಾರ ನೋಡಿ ನೀವು ಬರಕೊಳ್ರಿ. ನಾನು ಕಿವ್ಯಾಗ ಹತ್ತಿ ಇಟ್ಕೊಂತೀನಿ, ಸದ್ದು ಕೇಳಬಾರದು."

"ತಾಗಿದ್ದಕ್ಕ ಕೆಟ್ಟೈತಿ ಅಂತೀರಿ, ಮತ್ತ ನೀವ ಮುಟ್ರಿ ಅಂತೀರಿ," ಎಂದರು. "ನಿಮ್ಮ ಪರೀಕ್ಷಾಕ್ಕ ನನ್ನ ಕಡ್ಡಿ ಮ್ಯಾಲೆ ಎತ್ತಿ ಕೆಡಿಸ್ಕೊಳ್ಳಾಕ ಆಗಂಗಿಲ್ರಿ. ದನ ಬಂದಾಗ ಎತ್ತತೀನಿ. ಅದು ನನ್ನ ಮನಸ್ಸಲ್ಲ, ದನದ ಮನಸ್ಸು."

ಅದು ಇನ್ನೂ ಒಳ್ಳೆಯದೇ. ಅಷ್ಟರಲ್ಲಿ ಗುಡೇಕೋಟೆ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬಂದಿದ್ದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

"ಯವ್ವಾ, ಆ ಪೆಟ್ಟಿಗ್ಯಾಗ ಏನ್ ನೋಡ್ತೀಯವ್ವ ಹಗಲೆಲ್ಲ?"

"ಅಮ್ಮಾ, ನೀವು ಎಮ್ಮಿ ತಂದಿದ್ದು ಇದರಾಗ ಕಾಣ್ತತೇನು ಅಂತ ನೋಡಾಕತ್ತೀನಿ."

"ಅದಕ್ಕ ಪೆಟ್ಟಿಗಿ ಯಾಕ ಬೇಕು? ಹೊರಗ ಬಾ, ಬಾಗ್ಲಾಗ ನಿಂತೈತಿ, ಬೇಕಾದಷ್ಟು ನೋಡು!" ಅಂಗಳದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅವಳಿಗೆ, "ಸ್ವಲ್ಪ ತಡ ಆದ್ರ ಪರವಾಗಿಲ್ಲೇನಮ್ಮ?" ಎಂದು ಕೇಳಿದೆ. "ನಿನ್ನಿ ಅಮಾಸಿ ಅಂತ ತಡದೀನಿ. ಇವತ್ತು ತಪ್ಪಿದ್ರ ಮತ್ತ ಮೂರು ವಾರ. ನಾ ತಡೀಬಲ್ಲೆ, ಎಮ್ಮಿ ತಡೀತತೇನು?" ಎಂದಳು. ನಾನು ಸುತ್ತು ಶುರು ಮಾಡಿದೆ. ವೈದ್ಯರು ತಮ್ಮ ಕೆಲಸಕ್ಕೆ ಹೋದರು.

ಸುತ್ತು ಮುಗಿದ ಮೇಲೆ ನನಗೆ ಕುಸಿತ ಕಂಡ ಹೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯರ ಚೀಟಿಯ ಪಕ್ಕ ಇಟ್ಟೆ. ಅವರು ಡಬ್ಬಿ ಎತ್ತಿದಾಗಲೆಲ್ಲ ನನ್ನಲ್ಲಿ ಕುಸಿತವಿತ್ತು. ಸರಾಸರಿ ತೆಗೆದಾಗ ಅವೇ ಅಂದವಾದ ಮೆಟ್ಟಿಲುಗಳಾದವು. ನನ್ನ ಬುಧವಾರದ ಗ್ರಾಫಿನ ಅಣ್ಣತಮ್ಮಂದಿರು. ಕೆಳಭಾಗದ ಆ ಒಂದು ಮಾತ್ರ ಯಾರೂ ಜಾಡಿ ಮುಟ್ಟದ ಹೊತ್ತಿನಲ್ಲಿ ಬಂದಿತ್ತು.

ಅದಾದರೂ ನಿಜವೇ? ತಂತಿಯಲ್ಲಿ ಎಲ್ಲೋ ಕೂತ ಒಂದು ಕಲ್ಮಶವೂ ಅಂಥ ಮೆಟ್ಟಿಲು ತೋರಿಸಬಲ್ಲದು. ತಂತಿಯನ್ನು ಹೊರತೆಗೆದು ಕೋಣೆಯ ಬಿಸುಪಿಗೆ ತಂದು ಮತ್ತೆ ತಣಿಸಿದರೆ ಕಲ್ಮಶದ ಆಟ ಸಾಮಾನ್ಯವಾಗಿ ಬದಲಾಗುತ್ತದೆ, ನಿಜವಾದ ಮೆಟ್ಟಿಲು ನಿಲ್ಲುತ್ತದೆ. ಅಪಾಯವೆಂದರೆ ಹಿಗ್ಗಿ ಕುಗ್ಗುವಾಗ ಹಿಡಿಕೆ ಕಳಚಬಹುದು. ಮೆಟ್ಟಿಲು ಅಲ್ಲೇ, ಅಷ್ಟೇ ಎತ್ತರದಲ್ಲಿ ಸಿಗಬೇಕು ಎಂದು ಮೊದಲೇ ಬರೆದಿಟ್ಟು, ಶನಿವಾರ ಮಧ್ಯಾಹ್ನ ಕೊಳವೆಯನ್ನು ಇಂಚಿಂಚಾಗಿ ಮೇಲೆಳೆದೆ. ಆಮೇಲೆ ಅಷ್ಟೇ ನಿಧಾನವಾಗಿ ಇಳಿಸಿದೆ. ತಂತಿ ಬದುಕಿತ್ತು. ಮೆಟ್ಟಿಲೂ ಇತ್ತು. ಎತ್ತರ ಅಷ್ಟೇ. ಜಾಗ ಮಾತ್ರ ಬೇರೆ. ಸಿಕ್ಕಿಕೊಂಡಿದ್ದ ವಿದ್ಯುದಂಶ ಹೊರಟುಹೋಗಿ ಇಡೀ ಗೆರೆ ಸರಿದಿರಬಹುದು, ಅಥವಾ ನಾನು ನೋಡುತ್ತಿರುವುದು ಬೇರೆಯೇ ಏನೋ ಇರಬಹುದು. ಬರೆದಿಟ್ಟಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಅದಕ್ಕೆ ಏನೆನ್ನಬೇಕೋ ತಿಳಿಯದೆ ಮಾರ್ಗದರ್ಶಕರಿಗೆ ಫೋನು ಮಾಡಿದೆ.

"ಸರ್, ಮೂರರಲ್ಲಿ ಎರಡು ನಮ್ಮವಲ್ಲ. ಎಮ್ಮೆ, ಹಸುವಿನವು."

"ಯಾರವು?"

ಮೊದಲಿನಿಂದ ಹೇಳಿದೆ. ಕೊನೆಗೆ, "ಮೂರು ಅಂತ ನಾನು ಹೇಳಿಯಾಗಿದೆಯಲ್ಲಮ್ಮ," ಎಂದರು. ಆಮೇಲೆ, "ಆ ಒಂದು?" ಎಂದರು.

"ಗೊತ್ತಿಲ್ಲ ಸರ್. ಎತ್ತರ ನಿಂತಿದೆ, ಜಾಗ ನಿಲ್ಲಲಿಲ್ಲ."

"ಗೊತ್ತಿಲ್ಲ ಅಂತ ಬರೆದರೆ ಸರದಿ ಸಿಗೋದು ಕಷ್ಟ."

"ಏನು ಬರೆಯಲಿ ಸರ್?"

ಅವರು ಉಸಿರು ಬಿಟ್ಟದ್ದು ಕೇಳಿಸಿತು. "ಗೊತ್ತಿಲ್ಲ ಅಂತಲೇ ಬರಿ. ಸಮಿತಿಯವರ ಹತ್ತಿರ ನಾನು ಮಾತಾಡ್ತೀನಿ."

ಬುಧವಾರದ ಗ್ರಾಫು, ಅಮಾವಾಸ್ಯೆಯ ಗ್ರಾಫು, ವೈದ್ಯರ ಹೊತ್ತುಗಳನ್ನು ಗುರುತು ಹಾಕಿದ ಗ್ರಾಫು, ಬಿಸಿ ಮಾಡಿ ತಣಿಸಿದ್ದು, ನಾಲ್ಕನ್ನೂ ಕಳಿಸಿದೆ. ಸರದಿ ಇನ್ನೊಬ್ಬ ವಿದ್ಯಾರ್ಥಿಗೆ ಹೋಯಿತು. ಸುದ್ದಿ ಬಂದ ದಿನ ನಾನು ಎರಡು ತರಗತಿ ತೆಗೆದುಕೊಂಡು ಮನೆಗೆ ಬಂದು ಮಲಗಿದೆ. ಆ ಪುಟ ಖಾಲಿಯಿದೆ.

ಎರಡು ದಿನ ಕಳೆದು ಆ ವಿದ್ಯಾರ್ಥಿಯೇ ಫೋನು ಮಾಡಿದ. ಅವನ ಬಿಲ್ಲೆ ಚಿಕ್ಕದಂತೆ, ಯಂತ್ರದ ತಟ್ಟೆಯಲ್ಲಿ ಮೂರು ವೈರಿನ ಜಾಗ ಉಳಿಯುತ್ತದಂತೆ; ನನ್ನ ತಂತಿಗೆ ಅಷ್ಟು ಸಾಕು. "ನಿಮ್ಮ ನಾಲ್ಕು ಗ್ರಾಫನ್ನೂ ಸರ್ ತೋರಿಸಿದ್ರು ಮೇಡಂ. ಆ ಒಂದು ಮೆಟ್ಟಿಲು ಏನು ಅಂತ ನನಗೂ ನೋಡಬೇಕು ಅನ್ನಿಸ್ತಿದೆ. ಕಳಿಸ್ತೀರಾ? ಅಂಕಿಗಳೆಲ್ಲ ನಿಮ್ಮವೇ." ಮಾರ್ಗದರ್ಶಕರು ಒಪ್ಪಿದ್ದರು. ನಾನೇ ರಜೆ ಹಾಕಿ ಹೋಗಿ ಬಿಲ್ಲೆಯನ್ನು ಅವನ ಕೈಗೆ ಕೊಟ್ಟು, ಅದೇ ದಿನದ ಬಸ್ಸಿಗೆ ಹಿಂದಿರುಗಿದೆ.

ಏಪ್ರಿಲ್‌ನ ಒಂದು ಸಂಜೆ ಅವನ ಫೋನು. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

"ಇದೆ ಮೇಡಂ, ನಿಮ್ಮ ಮೆಟ್ಟಿಲು ಇದೆ. ಎತ್ತರ ನೀವು ಬರೆದಷ್ಟೇ. ಈ ತಂಪಲ್ಲಿ ಅಂಚು ಎಷ್ಟು ಚೂಪಾಗಿದೆ ಅಂದ್ರೆ... ಆದರೆ ಅದರ ಕೆಳಗೆ ಇನ್ನೊಂದು ಇದೆ. ಸಣ್ಣದು. ಪೂರ್ತಿ ಮೆಟ್ಟಿಲಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಾಲ್ಕು ಸಲ ತೆಗೆದೆ, ನಾಲ್ಕು ಸಲಾನೂ ಬಂತು. ಅಲ್ಲಿ ಏನೂ ಇರಬಾರದಲ್ವಾ?"

"ಸರಾಸರಿ ತೆಗೆದ್ರಾ?"

"ಇಲ್ಲ. ಹಸಿ ಅಂಕಿ."

"ಮುಚ್ಚಳ ಯಾರಾದರೂ ತೆಗೆದ್ರಾ?"

ಅವನು ನಕ್ಕ. "ಇದನ್ನ ಬಿಸಿ ಮಾಡಿ ಮುಚ್ಚಳ ತೆಗೆಯೋಕೆ ಎರಡು ದಿನ ಬೇಕು ಮೇಡಂ. ಯಾರೂ ಮುಟ್ಟಿಲ್ಲ."

ಅಂಕಿಗಳನ್ನು ಕಳಿಸಲು ಹೇಳಿ ಫೋನಿಟ್ಟೆ. ಅರ್ಧ ಕುರಿ ಎಂಬುದಿಲ್ಲ ಎಂದು ಅದೇ ವಾರ ತರಗತಿಯಲ್ಲಿ ಹೇಳಿ ಬಂದಿದ್ದೆ. ಉತ್ತರ ಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ, ಏನೇನು ಇರಬಹುದೆಂದು ಬರೆಯಲು ಕೂತೆ. ಹೊಸ ಸಣ್ಣ ಮೆಟ್ಟಿಲು ಏನೆಂದು ನನಗೆ ಈಗಲೂ ತಿಳಿಯದು. ಎಮ್ಮೆಯಲ್ಲ ಎಂಬುದು ಮಾತ್ರ ಖಚಿತ.